ರೈಟರ್ ದೇವರಾಜ ತುಂಬಿಸಿದ ಅರ್ಜಿ

ಬೆಳಿಗ್ಗೆ ಏಳೂವರೆಗೆ ತೋಟದ ಗೋದಾಮಿನ ಮುಂದೆ ಆಳುಗಳು ಸೇರುತ್ತಾರೆ. ದೇವರಾಜ ಒಬ್ಬೊಬ್ಬರ ಹೆಸರು ಕೂಗಿ ಹಾಜರಿ ಪುಸ್ತಕದಲ್ಲಿ ಗುರುತು ಹಾಕುತ್ತಾನೆ. ಯಾರು ನೆರಳುಮರದ ಕೊಂಬೆ ಕಡಿಯುವ ಮರಗಸಿಗೆ, ಯಾರು ಗೊಬ್ಬರಕ್ಕೆ, ಯಾರು ಕಳೆಗೆ ಎಂದು ಮೇಸ್ತ್ರಿ ಹೇಳಿದ್ದನ್ನು ಬರೆದುಕೊಳ್ಳುತ್ತಾನೆ. ಹಿಂದಿನ ದಿನದ ಮಳೆ ಎಷ್ಟು ಇಂಚು, ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಎಷ್ಟು ಹಣ್ಣು ಹೋಯಿತು, ಕಣದಿಂದ ಎಷ್ಟು ಚೀಲ ಒಣಗಿದ ಪಾರ್ಚ್‌ಮೆಂಟ್ ಬೀಜ ಬಂತು, ಎಲ್ಲವೂ ಅವನ ಕೈಬರಹದಲ್ಲೇ ಇರಬೇಕು. ಕಾಫಿ ಸೀಮೆಯಲ್ಲಿ ಈ ಕೆಲಸ ಮಾಡುವವನಿಗೆ ರೈಟರ್ ಎನ್ನುತ್ತಾರೆ. ಬಿಳಿಯರು ತೋಟ ಮಾಡುತ್ತಿದ್ದ ಕಾಲದಿಂದ ಉಳಿದುಕೊಂಡ ಹೆಸರು. ಕಳಸದಿಂದ ಒಂಬತ್ತು ಕಿಲೋಮೀಟರ್ ಒಳಗಿರುವ ಈ ತೋಟದಲ್ಲಿ ದೇವರಾಜ ಇಪ್ಪತ್ತೆರಡು ವರ್ಷದಿಂದ ರೈಟರ್.

ರೈಟರ್ ಎಂದರೆ ಸಾಹುಕಾರನಲ್ಲ, ಆಳೂ ಅಲ್ಲ. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಆಳುಗಳಿಗೆ ಚಹಾ ದೊಡ್ಡ ಪಾತ್ರೆಯಲ್ಲಿ ಬಂದರೆ ರೈಟರ್‌ಗೆ ಬಂಗಲೆಯ ಅಡುಗೆಮನೆಯಿಂದ ಗಾಜಿನ ಲೋಟದಲ್ಲಿ ಕಾಫಿ ಬರುತ್ತದೆ. ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತದೆ. ಅವನಿಗಿಂತ ಹಿರಿಯರೂ 'ರೈಟ್ರೆ' ಎಂದು ಕರೆಯುತ್ತಾರೆ. ರೇಷನ್ ಕಾರ್ಡು, ಪಿಂಚಣಿ ಅರ್ಜಿ, ಮಕ್ಕಳ ಶಾಲೆಯ ಫಾರಂ ಹಿಡಿದುಕೊಂಡು ಆಳುಗಳ ಸಾಲುಮನೆಗಳಿಂದ, ಅಂದರೆ ಲೈನ್ ಮನೆಗಳಿಂದ, ಜನ ಅವನ ಹತ್ತಿರವೇ ಬರುತ್ತಾರೆ. ದೇವರಾಜ ಯಾರನ್ನೂ ವಾಪಸು ಕಳಿಸಿದವನಲ್ಲ.

ಅವನ ಮಗಳು ಸೌಂದರ್ಯ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದವಳು. ಆ ಶಾಲೆಯ ವಿಜ್ಞಾನ ಶಿಕ್ಷಕಿ ಮೂಕಾಂಬಿಕಾ ಎರಡು ವರ್ಷದ ಹಿಂದೆ ಎಲ್ಲೆಲ್ಲಿಗೋ ಬರೆದು ಶಾಲೆಯ ವಿಜ್ಞಾನ ಸಂಘಕ್ಕೆ ಒಂದು ಸಣ್ಣ ಅನುದಾನ ತರಿಸಿದ್ದರು. ಅದರಲ್ಲಿ ನೀರು ಪರೀಕ್ಷಿಸುವ ಪಟ್ಟಿಗಳು ಬಂದವು. ಸೌಂದರ್ಯ ಎರಡು ಕಾಫಿ ಕೊಯ್ಲಿನ ಕಾಲದಲ್ಲೂ ಪಲ್ಪಿಂಗ್ ನೀರು ಸೇರುವ ಹಳ್ಳದ ಮೇಲೊಂದು ಕಡೆ, ಕೆಳಗೊಂದು ಕಡೆ ನೀರು ಹಿಡಿದು, ಪಟ್ಟಿ ಅದ್ದಿ, ಬಣ್ಣ ನೋಡಿ ಬರೆದಿಟ್ಟಳು. ಎಸ್ಸೆಸ್ಸೆಲ್ಸಿಯಲ್ಲಿ ಐನೂರ ತೊಂಬತ್ತಾರು ಅಂಕ ಬಂತು. ರಸಾಯನಶಾಸ್ತ್ರ ಓದಬೇಕು ಎಂದಳು. ಹತ್ತಿರದ ಕಾಲೇಜಿನಲ್ಲಿ ಇರುವುದು ಕಲಾ ಮತ್ತು ವಾಣಿಜ್ಯ ವಿಭಾಗ ಮಾತ್ರ. ವಿಜ್ಞಾನಕ್ಕೆ ಚಿಕ್ಕಮಗಳೂರಿಗೇ ಹೋಗಿ ಹಾಸ್ಟೆಲಿನಲ್ಲಿ ಇರಬೇಕು. ಅದು ದೇವರಾಜನ ಕೈಗೆ ಎಟುಕುವ ಮಾತಾಗಿರಲಿಲ್ಲ.

ದಾರಿ ತೋರಿಸಿದವರು ಮೂಕಾಂಬಿಕಾ ಟೀಚರೇ. ಚಿಕ್ಕಮಗಳೂರಿನಲ್ಲಿ ಗಿರಿಸೀಮೆ ವಿದ್ಯಾನಿಧಿ ಎಂಬ ಟ್ರಸ್ಟ್ ಇದೆ. ಸರ್ಕಾರಿ ಶಾಲೆಯಲ್ಲಿ ಓದಿ ವಿಜ್ಞಾನಕ್ಕೆ ಸೇರುವ ಮಕ್ಕಳ ಎರಡು ವರ್ಷದ ಫೀಸು, ಹಾಸ್ಟೆಲು ಎರಡನ್ನೂ ಅದು ನೋಡಿಕೊಳ್ಳುತ್ತದೆ. ತೋಟಗಳಲ್ಲಿ ದುಡಿಯುವವರ ಮಕ್ಕಳಿಗೆಂದೇ ಹನ್ನೆರಡು ಸ್ಥಾನ ಬೇರೆ ಇಟ್ಟಿದ್ದಾರೆ. ಸಾಮಾನ್ಯ ವಿಭಾಗದಲ್ಲಿ ಆರುನೂರ ಹದಿನೈದಕ್ಕಿಂತ ಕಡಿಮೆ ಬಂದವರ ಹೆಸರು ಬರುವುದಿಲ್ಲ, ತೋಟದ ವಿಭಾಗದಲ್ಲಿ ಸೌಂದರ್ಯಳ ಹೆಸರು ತಪ್ಪುವುದಿಲ್ಲ ಎಂದು ಟೀಚರ್ ಲೆಕ್ಕ ಹೇಳಿದ್ದರು.

ಮೇ ತಿಂಗಳ ಒಂದು ಭಾನುವಾರ ದೇವರಾಜ ಮಗಳನ್ನೂ, ತೋಟದ ಆಳು ಪಾಪಮ್ಮನ ಮೊಮ್ಮಗಳು ಅಶ್ವಿತಾಳನ್ನೂ ಜೀಪಿನಲ್ಲಿ ಕಳಸಕ್ಕೆ ಕರೆದುಕೊಂಡು ಹೋದ. ಇಬ್ಬರೂ ಒಂದೇ ಬೆಂಚಿನವರು. ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ರಂಜನಾ ಮೊದಲು ಅಶ್ವಿತಾಳ ಅರ್ಜಿ ತುಂಬಿದಳು. ಪೋಷಕರ ಉದ್ಯೋಗದ ಕಡೆ 'ತೋಟದ ಕಾರ್ಮಿಕರು' ಎಂದು ಆರಿಸಲು ಹೇಳಿದವನು ದೇವರಾಜನೇ. ನಂತರ ಸೌಂದರ್ಯಳ ಸರದಿ.

"ಉದ್ಯೋಗ ಎಂತ ಹಾಕ್ಲಿ ದೇವರಾಜಣ್ಣ?"

"ರೈಟರ್."

"ಟೈಪ್ ಮಾಡಕ್ಕಾಗಲ್ಲ, ಪಟ್ಟಿಲಿ ಇರೋದ್ರಲ್ಲೇ ಆರಿಸ್ಬೇಕು. ಇದನ್ನೇ ಹಾಕ್ತೀನಿ, ತೋಟದ ಕಾರ್ಮಿಕರು."

"ಅದು ಪಾಪಮ್ಮಂಗೆ ಸರಿ. ನಾನು ಕಾರ್ಮಿಕ ಅಲ್ವಲ್ಲ ಮಾರಾಯ್ತಿ. ಇನ್ನೂ ಕೆಳಗೆ ನೋಡು."

ರಂಜನಾ ಪಟ್ಟಿಯನ್ನು ಕೆಳಗೆಳೆದಳು. ವ್ಯಾಪಾರಿ, ಚಾಲಕ, ವಕೀಲ, ವೈದ್ಯ ಎಲ್ಲ ಇಂಗ್ಲಿಷಿನಲ್ಲಿ ಸಾಲಾಗಿ ಹೋದವು. ತಳದಲ್ಲಿ ಒಂದು ಸಾಲು: ರೈಟರ್, ಆರ್ಟಿಸ್ಟ್.

"ಅರೆ, ಇದೆ!" ಎಂದ ದೇವರಾಜ. "ನೋಡು, ಯಾವ ಗೌರ್ಮೆಂಟ್ ಫಾರಂಲೂ ನಮ್ಮ ಹೆಸ್ರಿರಲ್ಲ. ಇವ್ರು ತೋಟ ತಿಳಿದೋರು."

"ಅಪ್ಪ, ಪಕ್ಕದಲ್ಲಿ ಆರ್ಟಿಸ್ಟ್ ಅಂತ ಎಂತಕ್ಕೆ ಇದೆ?" ಎಂದಳು ಸೌಂದರ್ಯ.

"ಜಾಗ ಉಳಿಸಕ್ಕೆ ಎರಡೆರಡು ಒಟ್ಟಿಗೆ ಹಾಕಿರ್ತಾರೆ ಕಣೇ."

ರಂಜನಾ ಒತ್ತಿದಳು. ಬರುವಾಗ ದೇವರಾಜ ಹುಡುಗಿಯರಿಬ್ಬರಿಗೂ ಗೋಳಿಬಜೆ ಕೊಡಿಸಿದ.

ಜೂನ್ ಮೊದಲ ವಾರ ಫೋನಿಗೆ ಒಂದು ಸಂದೇಶ ಬಂತು. ಇಂಗ್ಲಿಷು ಪೂರ್ತಿ ತಲೆಗೆ ಹೋಗದೆ ಅವನು ಅದನ್ನು ಟೀಚರಿಗೆ ತೋರಿಸಿದ. ಸೌಂದರ್ಯಳ ಅರ್ಜಿಯನ್ನು ಸಾಮಾನ್ಯ ವಿಭಾಗದಲ್ಲಿ ಪರಿಗಣಿಸಲಾಗಿದೆ, ತಂದೆಯವರ ಪ್ರಕಟಿತ ಕೃತಿಗಳ ವಿವರವನ್ನು ಕಳುಹಿಸಿಕೊಡಿ ಎಂದು ಅದರಲ್ಲಿತ್ತು. ಮೂಕಾಂಬಿಕಾ ಎರಡು ಸಲ ಓದಿದರು. ನಗು ಬಂದುಬಿಟ್ಟಿತು. ಅವನ ಮುಖ ನೋಡಿ ನಿಲ್ಲಿಸಿದರು.

"ದೇವರಾಜ, ಇವ್ರು ನಿಮ್ಮನ್ನ ಸಾಹಿತಿ ಅಂದ್ಕೊಂಡಿದಾರೆ."

"ಎಂತ?"

"ಕಥೆ, ಕವಿತೆ ಬರೆಯೋರು. ಯಾವ ಪುಸ್ತಕ ಬರೆದಿದೀರಿ ಅಂತ ಕೇಳ್ತಿದಾರೆ."

ದೇವರಾಜನಿಗೆ ತಾನು ಬರೆದ ಪುಸ್ತಕಗಳನ್ನು ಗೋದಾಮಿನ ಕಪಾಟಿನಲ್ಲಿ ವರ್ಷವಾರು ಜೋಡಿಸಿಟ್ಟಿರುವುದು ಕಣ್ಣ ಮುಂದೆ ಬಂತು.

ಟ್ರಸ್ಟಿನ ನಂಬರಿಗೆ ಮೂರು ದಿನ ಫೋನು ಮಾಡಿದ. ನಾಲ್ಕನೆಯ ದಿನ ಯಾರೋ ಎತ್ತಿ, ತೋಟದ ಮಾಲೀಕರಿಂದ ಪತ್ರ ತನ್ನಿ ಎಂದರು. ಸಾಹುಕಾರ ಶಶಿಧರ್ ಮದುವೆಯೊಂದಕ್ಕೆ ಮಂಗಳೂರಿಗೆ ಹೋಗಿದ್ದರು. ಬರಲು ಐದು ದಿನವಾಯಿತು. ಬಂದ ದಿನವೇ ಪತ್ರ ಕೊಟ್ಟರು. ಅದರಲ್ಲಿ ಇಪ್ಪತ್ತೆರಡು ವರ್ಷದಿಂದ ದೇವರಾಜ ನಮ್ಮ ರೈಟರ್, ಪ್ರಾಮಾಣಿಕ ಎಂದಿತ್ತು.

"ಇದ್ರಲ್ಲೂ ರೈಟರ್ ಅಂತಲೇ ಇದೆ ಸಾರ್. ಕ್ಲರ್ಕ್ ಅಂತ ಹಾಕಿ ಕೊಡ್ತೀರಾ?"

"ಪಿ.ಎಫ್.ನಲ್ಲಿ ನೀನು ರೈಟರ್ ಅಂತ ಇದೆ ಮಾರಾಯ. ಇಲ್ಲೊಂದು, ಅಲ್ಲೊಂದು ಬರೆದ್ರೆ ಅದಕ್ಕೂ ಒಂದು ಪ್ರಶ್ನೆ ಹಾಕ್ತಾರೆ. ತೋಟದ ಸೀಲ್ ಹಾಕಿದೀನಲ್ಲ, ಸಾಕು ಹೋಗು."

ಸುದ್ದಿ ಅಷ್ಟರಲ್ಲಿ ಲೈನ್ ಮನೆಗಳಿಗೂ ತಲುಪಿತ್ತು. ಬೆಳಿಗ್ಗೆ ಹಾಜರಿಯ ಹೊತ್ತಿಗೆ ಪಾಪಮ್ಮ ಎಲೆಅಡಿಕೆ ಒಂದು ಕಡೆಗೆ ಸರಿಸಿ ಕೇಳಿಯೇಬಿಟ್ಟಳು.

"ಅಲ್ಲಾ ರೈಟ್ರೆ, ದಿನಾ ನಮ್ಮನ್ನೆಲ್ಲ ಆಳು ಅಂತ ಬರಿತೀರಿ. ನಿಮ್ಮನ್ನ ಒಂದು ಸಲ ಬರ್ಕೊಳ್ಳಕ್ಕೆ ಕೈ ಬರ್ಲಿಲ್ವ?"

ಆಳುಗಳು ನಕ್ಕರು. ದೇವರಾಜನೂ ನಗಲು ನೋಡಿದ. ಪಾಪಮ್ಮ ಮಾತ್ರ ನಗಲಿಲ್ಲ. "ಪಾಪದ ಕೂಸು ಅದು" ಎಂದು ಹೇಳಿ ಕತ್ತಿ ಎತ್ತಿಕೊಂಡು ಹೋದಳು.

ಮಾರನೆಯ ದಿನ ರಜೆ ಕೇಳಿ ಅವನು ಚಿಕ್ಕಮಗಳೂರಿನ ಮೊದಲ ಬಸ್ಸಿಗೆ ಹೊರಟ. ಆಲ್ದೂರು ದಾಟುವವರೆಗೂ ಪತ್ರ ಮಳೆಗೆ ಒದ್ದೆಯಾಗದ ಹಾಗೆ ಅಂಗಿಯೊಳಗೆ ಇಟ್ಟುಕೊಂಡಿದ್ದ. ಟ್ರಸ್ಟಿನ ಕಚೇರಿಯಲ್ಲಿ ಕಾರ್ತಿಕ್ ಎಂಬ ಯುವಕ ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ಸಮಾಧಾನದಿಂದ ಕೇಳಿದ. ಊರು ಶಿವಮೊಗ್ಗದ ಕಡೆಯಂತೆ. ರೈಟರ್ ಎಂದರೆ ತೋಟದ ಲೆಕ್ಕ ಬರೆಯುವವನು ಎಂಬ ಅರ್ಥವೂ ಇದೆ ಎಂದು ಕಾರ್ತಿಕ್‌ಗೆ ಆ ದಿನವೇ ಗೊತ್ತಾದದ್ದು.

"ನಮ್ಮದೇ ತಪ್ಪು ಸಾರ್. ಪಟ್ಟಿ ಮಾಡಿದೋರು ಬೆಂಗಳೂರಿನವ್ರು. ಮುಂದಿನ ವರ್ಷ ಆ ಸಾಲು ಸರಿ ಮಾಡಿಸ್ತೀನಿ."

"ಈ ವರ್ಷದ್ದು?"

"ನಿನ್ನೆ ಕಮಿಟಿ ಕೂತು ಹನ್ನೆರಡು ಹೆಸರು ಮುಗಿಸಿದಾರೆ. ಮಕ್ಕಳಿಗೆಲ್ಲ ಮೆಸೇಜು ಹೋಗಿದೆ." ಕಾರ್ತಿಕ್ ಒಂದು ಹಾಳೆಯನ್ನು ಮುಂದೆ ತಳ್ಳಿದ. "ಮೂರು ದಿನದೊಳಗೆ ಆಕ್ಷೇಪಣೆ ಕೊಡಬಹುದು. ನಿಮ್ಮ ಕೇಸು ಗಟ್ಟಿ ಇದೆ, ಒಪ್ತಾರೆ. ಆದ್ರೆ ಹದಿಮೂರನೇ ಜಾಗ ಇಲ್ಲ. ಕೊನೆಯ ಹೆಸರು ತೆಗೀಬೇಕಾಗುತ್ತೆ."

ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ದೇವರಾಜ ಮೇಲಿನಿಂದ ಕೆಳಗೆ ಓದಿದ. ಹನ್ನೆರಡನೆಯದು ಅಶ್ವಿತಾ, ಐನೂರ ಎಪ್ಪತ್ತೊಂದು. ಆ ಅರ್ಜಿಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅವನೇ ಮುಂದೆ ನಿಂತು ತುಂಬಿಸಿದ್ದು.

"ಇಲ್ಲೇ ಬರೆದು ಕೊಡ್ತೀರಾ?" ಎಂದ ಕಾರ್ತಿಕ್.

"ಮನೇಲಿ ಕೇಳಿ ಕಳಿಸ್ತೀನಿ" ಎಂದು ಹಾಳೆ ಮಡಚಿಕೊಂಡು ಎದ್ದ.

ಮನೆಯಲ್ಲಿ ಹೆಂಡತಿ ರೂಪಶ್ರೀಗೆ ಹೇಳಿದ. ಅವಳು ಒಲೆಯ ಮುಂದಿನಿಂದ ತಿರುಗಲಿಲ್ಲ. "ಕೊಡಿ ಅಂತ ಹೇಳಕ್ಕೂ ಆಗಲ್ಲ, ಬೇಡ ಅಂತ ಹೇಳಕ್ಕೂ ಆಗಲ್ಲ. ನನ್ನ ಕೇಳ್ಬೇಡಿ" ಎಂದಳು. ಮರುದಿನ ಹಾಜರಿಗೆ ಬಂದ ಪಾಪಮ್ಮ ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ ತಂದು ಪುಸ್ತಕದ ಪಕ್ಕ ಇಟ್ಟಳು. ಅವಳ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವರು ಯಾರೂ ಇರಲಿಲ್ಲ. "ನೀವು ಬರ್ಸಿದ್ದಕ್ಕೆ ಆಯ್ತು ರೈಟ್ರೆ" ಎಂದಳು. ಸೌಂದರ್ಯಳ ಸುದ್ದಿ ಎತ್ತಲಿಲ್ಲ. ಹಾಳೆ ಅವನ ಜೇಬಿನಲ್ಲೇ ಇತ್ತು. ಮಧ್ಯಾಹ್ನ ಗೋದಾಮಿನಲ್ಲಿ ಕೂತು ಬಿಡಿಸಿದ. ಹೆಸರು, ವಿಳಾಸ ಬರೆದ. ಕಾರಣ ಎಂಬ ಕಡೆ ಪೆನ್ನು ನಿಂತಿತು. ತಾನು ಆಳು ಎಂದು ಬರೆಯಲು ಈಗ ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಹಾಗೆ ಬರೆದರೆ ಯಾರ ಹೆಸರು ಅಳಿಸುತ್ತದೆ ಎಂಬುದೇ ಅಡ್ಡ ಬಂತು. ಸಂಜೆಯವರೆಗೂ ಹಾಳೆ ಹಾಗೆಯೇ ಉಳಿಯಿತು. ಅದರ ಮರುದಿನವೂ ಅವನಿಂದ ಒಂದು ಪದ ಬರೆಯಲು ಆಗಲಿಲ್ಲ, ಹರಿದು ಬಿಸಾಡಲೂ ಆಗಲಿಲ್ಲ.

ಮೂರನೆಯ ದಿನ ಸಂಜೆ ಕೆಲಸ ಮುಗಿಸಿ ಬಂದಾಗ ಸೌಂದರ್ಯ ಜಗಲಿಯಲ್ಲಿ ಕೂತು ಹೊಸ ಪುಸ್ತಕಗಳಿಗೆ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕುತ್ತಿದ್ದಳು.

"ಎಲ್ಲಿಂದ ಬಂತು ಇದು?"

"ಅಮ್ಮ ನಾನು ಹೋಗಿ ಸೇರ್ಕೊಂಡು ಬಂದ್ವಿ ಅಪ್ಪ. ಇಲ್ಲೇ, ಕಾಮರ್ಸಿಗೆ."

ದೇವರಾಜ ಮೆಟ್ಟಿಲ ಮೇಲೆ ಕೂತ. "ಇವತ್ತು ಸಂಜೆ ತನಕ ಟೈಮಿತ್ತಲ್ಲ ಪುಟ್ಟಿ."

"ಆಕ್ಷೇಪಣೆ ಕೊಟ್ರೆ ಕೊನೇ ಹೆಸ್ರು ತೆಗೀತಾರೆ ಅಂತ ಅಮ್ಮ ಹೇಳಿದ್ಲು. ಹನ್ನೆರಡನೇದು ಯಾರು ಅಂತ ಅಶ್ವಿತಾನೇ ಫೋನಲ್ಲಿ ತೋರ್ಸಿದ್ಲು. ಅವಳಿಗೆ ಈ ಆಕ್ಷೇಪಣೆ ವಿಷಯ ಗೊತ್ತಿಲ್ಲ. ಹೇಳ್ಬೇಡ."

"ಮುಂದಿನ ವರ್ಷ ಆ ಸಾಲು ಸರಿ ಮಾಡ್ತಾರಂತೆ."

"ಮುಂದಿನ ವರ್ಷ ನಾನು ಸೆಕೆಂಡ್ ಪಿಯುಸಿ ಅಪ್ಪ. ಕಾಮರ್ಸು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಏನಾದರೂ ಹೇಳಲು ಆಗುತ್ತಿತ್ತೋ ಏನೋ. ಅವಳು ಕಾಗದದ ಅಂಚನ್ನು ಉಗುರಿನಿಂದ ತೀಡಿ ಮಡಚಿದಳು. ಸುತ್ತ ಮಳೆ ಜೋರಾಯಿತು.

"ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದ.

"ಎಂಟೂ ಹತ್ತಕ್ಕೆ."

"ಛತ್ರಿ ತಗೊಂಡು ಹೋಗು" ಎಂದ ದೇವರಾಜ.