ಎರಡನೆಯ ಬಿಗಿ

ಶಿರಾದಿಂದ ಮಧುಗಿರಿ ಕಡೆ ಹೊರಳುವ ರಸ್ತೆಯ ಅಂಚಿನಲ್ಲಿ ಸಣ್ಣರಂಗಯ್ಯ ಇಪ್ಪತ್ತಾರು ವರ್ಷದಿಂದ ಟೈರು ಬಿಚ್ಚಿ ಹಾಕುತ್ತಿದ್ದ. ಚಕ್ರ ಕೂರಿಸಿ ನಟ್ಟು ಬಿಗಿದ ಮೇಲೂ ಗಾಡಿಯನ್ನು ಬಿಟ್ಟುಕೊಡುತ್ತಿರಲಿಲ್ಲ. "ಆ ಹುಣಸೆಮರದ ಗಂಟ ಒಂದ್ ಸುತ್ತು ಹೊಡ್ಕೊಂಡ್ ಬಾ" ಎನ್ನುತ್ತಿದ್ದ. ಬಂದ ಮೇಲೆ ಮತ್ತೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ನಟ್ಟನ್ನು ಇನ್ನೊಮ್ಮೆ ಬಿಗಿಯುತ್ತಿದ್ದ. ಭಾರ ಹೊತ್ತು ನಾಲ್ಕು ಗುಂಡಿ ಹಾರಿದ ಮೇಲೆಯೇ ಚಕ್ರ ತನ್ನ ಜಾಗದಲ್ಲಿ ಕೂರುತ್ತದೆ ಎಂದು ಕೆಲಸ ಕಲಿಸಿದ ಉಸ್ತಾದ್ ಹೇಳಿದ್ದರು. ಆ ಎರಡನೆಯ ಬಿಗಿಯಲ್ಲಿ ನಟ್ಟು ಕಾಲು ಸುತ್ತಾದರೂ ತಿರುಗುತ್ತಿತ್ತು. ಆ ಕಾಲು ಸುತ್ತಿನ ಭಯ ಅವನನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಎರಡು ತಿಂಗಳ ಹಿಂದೆ ಅವನು ಕೆಲಸಕ್ಕಿದ್ದ ಟೈರಿನ ಅಂಗಡಿಯನ್ನು ಚೇತನ್ ಕುಮಾರ್ ಕೊಂಡ. ಅದೇ ಅಂಗಳದಲ್ಲಿ ಅವನ ಹೋಟೆಲು, ಪಕ್ಕಕ್ಕೆ ವಾಟರ್ ವಾಷ್. ಇಡ್ಲಿ ಮಾರಿ ಮೇಲೆ ಬಂದವನು. ಮೇಜು ಬೇಗ ಖಾಲಿಯಾದಷ್ಟೂ ಜನ ಹೆಚ್ಚು ಕೂರುತ್ತಾರೆ ಎಂಬುದು ಅವನು ಕಂಡುಂಡ ಸತ್ಯ. ಆ ಅಳತೆಯನ್ನೇ ಮೂರು ಕಡೆಗೂ ಹಿಡಿದ. ಬಂದವರಿಗೆ ಟೋಕನ್, ಗೋಡೆಗೊಂದು ಗಡಿಯಾರ, ಚಕ್ರಕ್ಕೆ ಇಪ್ಪತ್ತು ನಿಮಿಷ. ಟೈರಿನ ಅಂಗಡಿಯಲ್ಲಿ ಕಾಯುವುದೂ ಕೆಲಸವೇ ಎಂದು ವಿವರಿಸಲು ಸಣ್ಣರಂಗಯ್ಯನಿಗೆ ಮಾತು ಸಾಲಲಿಲ್ಲ.

"ಬಿಗಿದಿದ್ದನ್ನ ಮತ್ತೆ ಬಿಗೀತೀಯ ಅಂದ್ರೆ ಮೊದ್ಲು ಸರಿಯಾಗಿ ಬಿಗಿದಿಲ್ಲ ಅಂತ ತಾನೆ ರಂಗಣ್ಣ?" ಎಂದು ಒಂದು ಸಂಜೆ ಚೇತನ್ ನಕ್ಕ. "ಇನ್ನೊಂದ್ ಸಲ ಟೈಮ್ ಮೀರಿದ್ರೆ ನಿನ್ನನ್ನ ಗಾಡಿ ತೊಳಿಯೋ ಕೆಲ್ಸಕ್ಕೆ ಹಾಕ್ಬುಡ್ತೀನಿ."

ಮರುದಿನ ಬೆಳಿಗ್ಗೆ ಪಾಲಾಕ್ಷನ ಟೆಂಪೊ ಬಂತು. ಐ.ಡಿ.ಹಳ್ಳಿಗೆ ಕಡಲೆಕಾಯಿ ಬಿಡಿಸಲು ಹೊರಟ ಹದಿಮೂರು ಹೆಂಗಸರು ಅದರಲ್ಲಿದ್ದರು. ಹಿಂದಿನ ಚಕ್ರ ಪಂಕ್ಚರ್. ಬದಲಿಗೆ ಹಾಕಬೇಕಿದ್ದ ಸ್ಟೆಪ್ನಿಯಲ್ಲಿ ನಟ್ಟು ಕೂರುವ ಡಿಸ್ಕಿಗೆ ಹೊಸದಾಗಿ ಕೆಂಪು ಬಣ್ಣ ಬಳಿದಿದ್ದರು, ದಪ್ಪಗೆ. ಸಣ್ಣರಂಗಯ್ಯನ ಕೈ ಅಲ್ಲೇ ತಡೆಯಿತು. ಓಡುತ್ತ ಓಡುತ್ತ ನಟ್ಟಿನಡಿಯ ಬಣ್ಣ ಪುಡಿಯಾಗುತ್ತದೆ, ನಟ್ಟು ಸಡಿಲಾಗುತ್ತದೆ.

"ಏನ್ ರಂಗಮಾವ, ಇವತ್ತೂ ನಟ್ಟಿಗೆ ಎರಡೆರಡು ಸಲ ತಾಳಿ ಕಟ್ತೀಯ?" ಎಂದಳು ಗುಂಪಿನ ಮುಂದಾಳು ಓಬಳಮ್ಮ.

"ಒಂದ್ಸಲ ಕಟ್ಟಿದ್ದು ನಿಲ್ಲಾಕಿಲ್ಲ ಕಣಮ್ಮ."

ಹೆಂಗಸರು ನಕ್ಕರು. ಅವನು ಬಿಗಿದು ಎದ್ದಾಗ ಹತ್ತೊಂಬತ್ತು ನಿಮಿಷ. ಹುಣಸೆಮರದತ್ತ ಕೈ ಎತ್ತಿದ್ದನಷ್ಟೇ. ಹೋಟೆಲಿನ ಗಲ್ಲಾದಿಂದ ಚೇತನ್ ಕೂಗಿದ. "ಟೋಕನ್ ಮುಗೀತು. ನೀನ್ ಹೊರಡು ಪಾಲಾಕ್ಷ."

ಸಣ್ಣರಂಗಯ್ಯ ಕೈ ಇಳಿಸಿದ. ಟೆಂಪೊ ಹುಣಸೆಮರ ದಾಟಿತು, ತಿರುಗಲಿಲ್ಲ.

ಮುಂದಿನ ಗಾಡಿಗೆ ಜಾಕ್ ಕೊಟ್ಟ. ಕೈ ಓಡಲಿಲ್ಲ. ಪಾಲಾಕ್ಷನಿಗೆ ಫೋನ್ ಮಾಡಿದ.

"ಒಸಿ ಗಾಡಿ ನಿಲ್ಸಪ್ಪ."

"ಏನಣ್ಣ? ಕೇಳಿಸ್ತಿಲ್ಲ. ಹಿಂದ್ಗಡೆ ಏನೋ ಟಕಟಕ ಅಂತೈತೆ, ಇವರ ಬುತ್ತಿ ಡಬ್ಬಿ ಇರ್ಬೇಕು..."

ಕರೆ ಕಡಿಯಿತು. ಮತ್ತೆ ಸಿಗಲಿಲ್ಲ.

ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಮೊಪೆಡ್ ಹತ್ತಿದ.

"ಎಲ್ಲಿಗೆ ರಂಗಣ್ಣ? ಮುಂದಿನ ಟೋಕನ್ ಕಾಯ್ತೈತೆ."

"ಕಾಯ್ಲಿ ಬುಡಿ."

ಆರೇಳು ಮೈಲಿ ಕಳೆದ ಮೇಲೆ ರಸ್ತೆಯ ನಡುವೆ ಏನೋ ಮಿನುಗಿತು. ಇಳಿದು ನೋಡಿದ. ನಟ್ಟು, ಬಾಯಂಚಿಗೆ ಕೆಂಪು ಬಣ್ಣ ಮೆತ್ತಿತ್ತು. ಜೇಬಿಗೆ ಹಾಕಿಕೊಂಡ. ಇಳಿಜಾರು ಶುರುವಾಗುವಲ್ಲಿ ಇನ್ನೊಂದು ಸಿಕ್ಕಿತು. ಟೆಂಪೊದ್ದು ಆರು ನಟ್ಟಿನ ಚಕ್ರ.

ಮೂರನೆಯದು ಕಣ್ಣಿಗೆ ಬಿದ್ದಾಗ ಅವನು ನಿಲ್ಲಲಿಲ್ಲ.