ಹುಲಿಯ ನಾಲ್ಕನೆಯ ಮರಿ

ತೊಂಬತ್ತೆಂಟನೆಯ ಇಸವಿಯಲ್ಲಿ ಲೋಕದಲ್ಲಿ ಏನೇನು ನಡೆಯಿತೆಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ನಿದ್ದೆಗಣ್ಣಲ್ಲೇ ಹೇಳಬಲ್ಲೆ. ಮರುಭೂಮಿಯಲ್ಲಿ ಎಷ್ಟು ಅಣುಬಾಂಬು ಸಿಡಿಸಿ ನೋಡಿದರು, ಹಡಗು ಮುಳುಗುವ ಆ ಇಂಗ್ಲಿಷ್ ಸಿನಿಮಾಕ್ಕೆ ಎಷ್ಟು ಪ್ರಶಸ್ತಿ ಬಂತು, ಫುಟ್‌ಬಾಲ್ ವಿಶ್ವಕಪ್ಪನ್ನು ಯಾವ ದೇಶ ಹೊತ್ತೊಯ್ದಿತು, ಎಲ್ಲ. ನಾನು ಓದಿದ್ದು ಏಳನೆಯ ಕ್ಲಾಸು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ಜಂಬಕ್ಕೇ ಹೇಳುತ್ತಿದ್ದೇನೆ.

ಮದುವೆಯಾಗಿ ಗುಲ್ಬರ್ಗ ಕಡೆಯಿಂದ ಬೆಂಗಳೂರಿಗೆ ಬಂದವಳು ನಾನು. ಕಗ್ಗದಾಸಪುರದಲ್ಲಿ ಸಾಲಾಗಿ ಕಟ್ಟಿದ ಬಾಡಿಗೆ ಕೋಣೆಗಳಲ್ಲಿ ಒಂದು ನಮ್ಮದು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ನಾನೂ ಅತ್ತೆಯೂ ಮನೆಯಲ್ಲಿ ಕೂತು ಹಳೆಯ ಪತ್ರಿಕೆಗಳಿಂದ ಪೇಪರ್ ಕವರ್ ಮಾಡುತ್ತಿದ್ದೆವು. ವಾರಕ್ಕೊಮ್ಮೆ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಅಂಗಡಿಗಳಿಗೆ ಕವರ್ ಕೊಟ್ಟು, ರದ್ದಿ ಅಂಗಡಿಯಿಂದ ಹೊಸ ಕಟ್ಟು ಹೊತ್ತು ತರುವುದು ನಮ್ಮ ಪಾಡು. ರದ್ದಿ ಅಂಗಡಿಯ ಚಾಚಾ ಪ್ರತಿಸಲವೂ ಇಂಗ್ಲಿಷ್ ಪತ್ರಿಕೆಯ ಕಟ್ಟನ್ನೇ ಮುಂದೆ ತಳ್ಳುತ್ತಿದ್ದರು.

"ಯೇ ಲೇಲೋ ಅಮ್ಮಾ, ಕಾಗದ ದಪ್ಪ ಐತೆ, ಕವರ್ ಹರಿಯಲ್ಲ."

ನಾನು ಕನ್ನಡದ್ದೇ ಬೇಕೆಂದು ಹಟ ಹಿಡಿಯುತ್ತಿದ್ದೆ. ಅತ್ತೆಗೆ ಸಿಟ್ಟು ಬರುತ್ತಿತ್ತು.

"ಕವರಿಗೆ ಯಾವ ಭಾಷಾ ಆದ್ರ ಏನವ್ವಾ? ಕಡ್ಲಿ ಓದ್ತಾವೇನು?"

ಕಡಲೆ ಓದುತ್ತಿರಲಿಲ್ಲ, ನಾನು ಓದುತ್ತಿದ್ದೆ. ಹಾಳೆಯನ್ನು ಕತ್ತರಿಸಿ, ಮಡಿಸಿ, ಮೈದಾ ಅಂಟು ಸವರುವಷ್ಟರಲ್ಲಿ ಅದರಲ್ಲಿದ್ದುದೆಲ್ಲ ಕಣ್ಣಿಗೆ ಬಿದ್ದು ತಲೆಗೆ ಹೋಗಿರುತ್ತಿತ್ತು. ಆದರೆ ರದ್ದಿ ನಮ್ಮ ಕೈಗೆ ಬರುವ ಹೊತ್ತಿಗೆ ಸುದ್ದಿಗೆ ತಿಂಗಳ ಮೇಲಾಗಿರುತ್ತಿತ್ತು. ಅದಲ್ಲದೆ, ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲಿರುವುದು ಕೊನೆಯ ದಿನದ ಪತ್ರಿಕೆ, ತಳದಲ್ಲಿರುವುದು ಮೊದಲ ದಿನದ್ದು. ಹೀಗಾಗಿ ನಮ್ಮ ಮನೆಯಲ್ಲಿ ಮೊದಲು ಕಳ್ಳ ಸಿಕ್ಕಿಬೀಳುತ್ತಿದ್ದ, ಆಮೇಲೆ ಕಳ್ಳತನವಾಗುತ್ತಿತ್ತು. ಅತ್ತೆ ಅಂಟು ಹಚ್ಚುತ್ತಲೇ "ಏನದವ್ವಾ ಅದ್ರಾಗ?" ಎನ್ನುತ್ತಿದ್ದರು. ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟರೆಂದು ನಾನು ಓದಿದರೆ, "ಯಾಕ?" ಎಂಬ ಪ್ರಶ್ನೆ. "ಗೊತ್ತಿಲ್ರಿ ಅತ್ತಿ, ಅದು ಇನ್ನೂ ಕೆಳಗ ಅದ" ಎನ್ನುತ್ತಿದ್ದೆ.

ನಮ್ಮ ಮನೆಯ ಮಾಲೀಕರು ಆ ಊರಿನವರೇ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ನಮ್ಮ ಕೋಣೆಗಳು ಎದ್ದಿದ್ದವು. ಮಹಡಿಯಲ್ಲಿ ಅವರ ಮನೆ. ದಿನಾ ಬೆಳಿಗ್ಗೆ ಎರಡು ಪತ್ರಿಕೆ ಬಂದು ಅವರ ಮೆಟ್ಟಿಲ ಮೇಲೆ ಬೀಳುತ್ತಿದ್ದವು. ನೀರು ಹಿಡಿಯಲು ಹೋದಾಗ ಬಗ್ಗಿ ಒಂದೆರಡು ಸಾಲು ಓದುವುದು ನನ್ನ ಚಾಳಿಯಾಗಿತ್ತು. ಒಂದು ದಿನ ಆಸೆ ತಡೆಯದೆ ಮಡಿಕೆ ಬಿಚ್ಚಿಯೇಬಿಟ್ಟೆ. ಅವರು ಮೇಲಿಂದ ನೋಡಿದರು. ಬೈಯಲಿಲ್ಲ, ನಕ್ಕರು.

"ಮಡಿಕೆ ಬಿಚ್ಬೇಡಮ್ಮ, ನಾನಿನ್ನೂ ಓದಿಲ್ಲ. ಹಳೇದಾದ್ಮೇಲೆ ಎಲ್ಲಾ ನಿಮ್ಗೇ ಬರತ್ತಲ್ಲ!"

ಅವರು ಕೆಟ್ಟವರಲ್ಲ. ನಮ್ಮ ಕೋಣೆ ಸೋರಿದಾಗ ತಾವೇ ಏಣಿ ಹತ್ತಿ ಶೀಟು ಸರಿಮಾಡಿದವರು. ಆದರೆ ಎರಡು ಏಟು ಕೊಟ್ಟಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಇವತ್ತಿನ ಪತ್ರಿಕೆಯನ್ನು ಇವತ್ತೇ, ನನ್ನ ಹೊಸ್ತಿಲಲ್ಲಿ ಕೂತು, ಇಡಿಯಾಗಿ ಓದಬೇಕು ಎಂದು ಆವತ್ತೇ ಮನಸ್ಸಿಗೆ ಹತ್ತಿತು. ಹೊಸ ಪತ್ರಿಕೆ ಹಾಕಿಸಿಕೊಳ್ಳುವ ಸ್ಥಿತಿ ನಮ್ಮದಲ್ಲ. ಆದರೆ ಒಂದು ದಾರಿ ಇತ್ತು.

ಡಿಸೆಂಬರಿನ ಕೊನೆಯ ಭಾನುವಾರ ನಮ್ಮ ಬೀದಿಯ ಶಾಲೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ರಸಪ್ರಶ್ನೆ ನಡೆಸುತ್ತಿದ್ದರು. ಆ ಒಂದು ವರ್ಷದ ಸುದ್ದಿ, ಸಿನಿಮಾ, ಆಟ, ಅಷ್ಟೇ. ಯಾರು ಬೇಕಾದರೂ ಸೇರಬಹುದು. ಗೆದ್ದವರ ಮನೆಗೆ ಹೊಸ ವರ್ಷಪೂರ್ತಿ ದಿನಪತ್ರಿಕೆ. ಮೂರು ವರ್ಷಗಳಿಂದ ಗೆಲ್ಲುತ್ತಿದ್ದವರು ನಮ್ಮ ಮಾಲೀಕರೇ. ಮೆಟ್ಟಿಲ ಮೇಲೆ ಬೀಳುತ್ತಿದ್ದ ಎರಡರಲ್ಲಿ ಒಂದು ಪತ್ರಿಕೆ ಹಾಗೆ ಬರುತ್ತಿದ್ದದ್ದು.

ನಾನು ಹೋಗಿ ಹೆಸರು ಕೊಟ್ಟೆ. ಗಂಡ ಕೇಳಿ ಗಾಬರಿಯಾದರು. ಅತ್ತೆ ಮಾತ್ರ ಕತ್ತರಿ ಕೆಳಗಿಡದೆ ಹೇಳಿದರು: "ಹೋಗವ್ವಾ. ಗೊತ್ತಿದ್ರ ಹೇಳು, ಇಲ್ಲಂದ್ರ ಎದ್ದು ಬಾ. ಯಾರೇನು ತಲಿ ತಗೀತಾರ?"

ಶಾಲೆಯ ಕೋಣೆ ತುಂಬಿತ್ತು. ಅತ್ತೆಯೂ ಗಂಡನೂ ಬಂದು ಹಿಂದೆ ಸೇರಿಕೊಂಡಿದ್ದರು. ಮೇಷ್ಟ್ರ ಮೇಜಿನ ಪಕ್ಕದಲ್ಲಿ ಆ ವರ್ಷದ ಪತ್ರಿಕೆಗಳು, ತಿಂಗಳಿಗೊಂದು ಕಟ್ಟಿನಂತೆ, ದಾರ ಬಿಗಿದು ಕೂತಿದ್ದವು. ಉತ್ತರದ ಬಗ್ಗೆ ತಕರಾರು ಬಂದರೆ ಬಿಚ್ಚಿ ತೋರಿಸಲು. ನಮಗೆಲ್ಲ ಒಂದೊಂದು ಸ್ಲೇಟು. ಉತ್ತರ ಬರೆದು ಎತ್ತಿ ಹಿಡಿಯಬೇಕು.

ಕತ್ತರಿಸುವ ಮೊದಲೇ ದೇಶಕ್ಕೆಲ್ಲ ಕಣ್ಣೀರು ತರಿಸಿದ ತರಕಾರಿ ಯಾವುದು ಎಂಬುದು ಮೊದಲ ಪ್ರಶ್ನೆ. ಈರುಳ್ಳಿ ಎಂದು ಎಲ್ಲರೂ ಬರೆದರು, ನನಗೂ ಧೈರ್ಯ ಬಂತು. ಅಣುಬಾಂಬು ಪರೀಕ್ಷೆ ಐದು. ಸಿನಿಮಾ ಪ್ರಶಸ್ತಿ ಹನ್ನೊಂದು. ವಿಶ್ವಕಪ್ ಗೆದ್ದದ್ದು ಫ್ರಾನ್ಸ್. ಪ್ರಶ್ನೆ ಮುಗಿಯುವ ಮೊದಲೇ ನನ್ನ ಕಣ್ಣ ಮುಂದೆ ಹಾಳೆ ಬಂದು ನಿಲ್ಲುತ್ತಿತ್ತು. ಕಾಲೇಜು ಹುಡುಗರು ಒಬ್ಬೊಬ್ಬರೇ ಹಿಂದೆ ಬಿದ್ದರು. ಕೊನೆಗೆ ಲೆಕ್ಕಕ್ಕೆ ಉಳಿದವರು ನಾನು ಮತ್ತು ಮಾಲೀಕರು. ನಾನು ಒಂದು ಅಂಕ ಮುಂದಿದ್ದೆ. ಅವರು ತಿರುಗಿ ತಿರುಗಿ ನನ್ನ ಕಡೆ ನೋಡುತ್ತಿದ್ದರು.

ಆಗ ಮೇಷ್ಟ್ರು ಕೇಳಿದರು: "ಈ ತಿಂಗಳು ಏಷ್ಯಾ ಕ್ರೀಡಾಕೂಟದಲ್ಲಿ ಮೂವತ್ತೆರಡು ವರ್ಷದ ನಂತರ ನಮ್ಮವರು ಯಾವ ಆಟದಲ್ಲಿ ಚಿನ್ನ ಗೆದ್ದರು?"

ಕಿಟಕಿಯಲ್ಲಿ ನಿಂತಿದ್ದ ಮಕ್ಕಳಿಗೂ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಮ್ಮ ಮನೆಗೆ ಡಿಸೆಂಬರ್ ಇನ್ನೂ ಬಂದೇ ಇರಲಿಲ್ಲ! ನೋಡೋಣವೆಂದು ಕಬಡ್ಡಿ ಎಂದು ಬರೆದೆ. ಇಡೀ ಕೋಣೆ ನಕ್ಕಿತು. ಹಾಕಿ ಎಂದು ಬರೆದ ಮಾಲೀಕರು ಸರಿಸಮಕ್ಕೆ ಬಂದರು. ನಾನು ಸೆರಗಿನಿಂದ ಸ್ಲೇಟು ಒರೆಸಿಕೊಂಡೆ.

ಕೊನೆಯ ಪ್ರಶ್ನೆ ಉಳಿದಿತ್ತು. ಜುಲೈ ತಿಂಗಳಲ್ಲಿ ಮೃಗಾಲಯವೊಂದರ ಹೆಣ್ಣು ಹುಲಿ ಎಷ್ಟು ಮರಿ ಹಾಕಿತು? ಮಾಲೀಕರ ಸ್ಲೇಟಿನಲ್ಲಿ ಮೂರು. ನನ್ನದರಲ್ಲಿ ನಾಲ್ಕು. ಮೇಷ್ಟ್ರು ನೋಟ್‌ಬುಕ್ ನೋಡಿ, "ಮೂರು" ಎಂದರು. ಚಪ್ಪಾಳೆ ಶುರುವಾಯಿತು. ಮಾಲೀಕರು ಅಂಗಿ ಸರಿಮಾಡಿಕೊಂಡು ಎದ್ದರು.

ಆದರೆ ಅದು ನಾಲ್ಕು. ನನಗೆ ಬೆಳಕಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಪತ್ರಿಕೆ ಮೊದಲು ಮೂರು ಎಂದು ಬರೆದದ್ದು ನಿಜ. ಎರಡು ದಿನ ಬಿಟ್ಟು ಪುಟ್ಟದೊಂದು ತಿದ್ದುಪಡಿ ಹಾಕಿತ್ತು: ಒಂದು ಮರಿ ತಾಯಿಯ ಹೊಟ್ಟೆಯಡಿ ಅಡಗಿದ್ದರಿಂದ ಎಣಿಕೆ ತಪ್ಪಿತ್ತು, ಮರಿಗಳು ನಾಲ್ಕು. ಲೋಕಕ್ಕೆಲ್ಲ ಮೂರು ಎಂಬುದು ಮೊದಲು ಬಂದು ತಲೆಯಲ್ಲಿ ಕೂತುಬಿಟ್ಟಿತು, ತಿದ್ದುಪಡಿಯನ್ನು ಯಾರು ಓದುತ್ತಾರೆ? ನಮ್ಮ ಮನೆಗೆ ತಿದ್ದುಪಡಿಯೇ ಮೊದಲು ಬಂತು. ಅಡಗಿ ಕೂತ ಆ ಮರಿಯನ್ನು ನೆನೆದು ಅತ್ತೆ ಮಧ್ಯಾಹ್ನವಿಡೀ ನಕ್ಕಿದ್ದರು. ಮೂರು ಎಂಬ ಸುದ್ದಿ ಕಟ್ಟಿನ ಅಡಿಯಿಂದ ಹೊರಬಂದಾಗ ನಾವಿಬ್ಬರೂ ಪತ್ರಿಕೆಯನ್ನೇ ಗೇಲಿ ಮಾಡಿದ್ದೆವು.

ನಾನು ಎದ್ದು ನಿಂತೆ. "ಸರ, ಮೂರಲ್ರಿ. ನಾಕು. ಎರಡ್ ದಿನ ಬಿಟ್ಟು ತಿದ್ದುಪಡಿ ಬಂದದ."

"ಬಿಡಮ್ಮ, ಹೋಗ್ಲಿ," ಎಂದರು ಮಾಲೀಕರು. "ಮುಂದಿನ್ ವರ್ಷ ನೋಡ್ಕೊಳೋಣ."

ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಯಾವ ಪುಟಮ್ಮ?"

"ಪುಟದ ನಂಬರ್ ಗೊತ್ತಿಲ್ರಿ. ಮದುವಿ ಜಾಹೀರಾತು ಬರ್ತಾವಲ್ರಿ, ಆ ಹಾಳಿ. ಕೆಳಗ ಎಡಮೂಲ್ಯಾಗ. ನಾವು ಅಂಟು ಹಚ್ಚೋ ಜಾಗದಾಗ ಅದ."

ಮತ್ತೆ ನಗು. ಮೇಷ್ಟ್ರು ನಗಲಿಲ್ಲ. ಜುಲೈ ಕಟ್ಟಿನ ದಾರ ಬಿಚ್ಚಿದರು. ಮರಿಗಳ ಸುದ್ದಿಯ ದಿನ ಹುಡುಕಿ, ಅಲ್ಲಿಂದ ಎರಡು ದಿನ ಎಣಿಸಿ, ಹಾಳೆ ತಿರುವಿದರು. ವಧೂವರರ ಪುಟ ಬಂತು. ಅವರ ಬೆರಳು ಎಡಮೂಲೆಗೆ ಇಳಿದು ಅಲ್ಲೇ ನಿಂತಿತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಮೂರು ಸಾಲನ್ನು ಗಟ್ಟಿಯಾಗಿ ಓದಿದರು. ನೋಟ್‌ಬುಕ್ಕಿನಲ್ಲಿ ತಾವು ಬರೆದದ್ದನ್ನು ಹೊಡೆದುಹಾಕಿದರು.

"ನಾಲ್ಕು," ಎಂದರು. "ನಾನೂ ಓದಿರ್ಲಿಲ್ಲ."

ಹಿಂದಿನಿಂದ ಒಂದು ಶಿಳ್ಳೆ ಬಂತು. ತಿರುಗಿ ನೋಡಿದರೆ ನನ್ನ ಗಂಡ! ನಾಲ್ಕು ಜನರ ಮುಂದೆ ಬಾಯಿ ಬಿಡದ ಮನುಷ್ಯ ಎರಡು ಬೆರಳು ಬಾಯಿಗಿಟ್ಟುಕೊಂಡು ನಿಂತಿದ್ದರು. ಅತ್ತೆ ಪಕ್ಕದಲ್ಲಿ ಕೂತವರಿಗೆಲ್ಲ "ನಮ್ಮ ಸೊಸಿರಿ, ನಮ್ಮ ಸೊಸಿ" ಎಂದು ಪರಿಚಯ ಮಾಡಿಸುತ್ತಿದ್ದರು. ಮಾಲೀಕರು ಒಂದು ಗಳಿಗೆ ಸಪ್ಪಗಾದರು, ಆಮೇಲೆ ನನ್ನ ಮುಂದೆ ಬಂದು ಕೈಮುಗಿದರು.

"ಪೇಪರ್ ತರ್ಸೋನು ನಾನು, ಓದೋಳು ನೀನು ಕಣಮ್ಮ."

ಆ ಚಪ್ಪಾಳೆ ನನಗೆ ಸಾಲಲಿಲ್ಲ. ಇನ್ನಷ್ಟು ಹೊಡೆಯಲಿ ಎಂದು ಸ್ಲೇಟನ್ನು ಎತ್ತಿ ಹಿಡಿದೇ ನಿಂತಿದ್ದೆ.

ಜನವರಿ ಒಂದನೇ ತಾರೀಖು ಬೆಳಿಗ್ಗೆ ನಮ್ಮ ಬಾಗಿಲಿಗೆ ಪತ್ರಿಕೆ ಬಿತ್ತು. ನಾನು ಹೊಸ್ತಿಲಲ್ಲಿ ಕೂತು, ನಾನೇ ಮಡಿಕೆ ಬಿಚ್ಚಿದೆ. ಗೋಡೆಯ ಕ್ಯಾಲೆಂಡರಿನ ತಾರೀಖೂ ಪತ್ರಿಕೆಯ ತಾರೀಖೂ ಒಂದೇ ಆಗಿತ್ತು. ಅಷ್ಟಕ್ಕೇ ಕಣ್ಣು ತುಂಬಿ, ಮೊದಲ ಸಾಲು ಕಾಣಲಿಲ್ಲ. ಅತ್ತೆ ಚಹಾ ಹಿಡಿದು ಪಕ್ಕದಲ್ಲಿ ಕೂತರು. ಗಟ್ಟಿಯಾಗಿ ಓದತೊಡಗಿದೆ. ಹಲಸೂರಿನಲ್ಲಿ ಅಂಗಡಿಯೊಂದರ ಬೀಗ ಒಡೆದು ಬೆಳ್ಳಿ ದೀಪಗಳನ್ನು ಕದ್ದಿದ್ದರು.

"ಕಳ್ಳ ಯಾರಂತ?" ಎಂದರು ಅತ್ತೆ.

"ಇನ್ನೂ ಸಿಕ್ಕಿಲ್ರಿ."

"ನಿನಗ ಗೊತ್ತಿಲ್ಲೇನು?"

"ಯಾರಿಗೂ ಗೊತ್ತಿಲ್ರಿ ಅತ್ತಿ. ಮ್ಯಾಲಿನ ಮನಿಯವರಿಗೂ ಗೊತ್ತಿಲ್ಲ."

"ಮತ್ತ ಯಾವಾಗ ಗೊತ್ತಾಗ್ತದ?"

"ನಾಳಿ ಮುಂಜಾನಿ," ಎಂದೆ. "ಎಲ್ಲಾರಿಗೂ ಗೊತ್ತಾಗೋ ಹೊತ್ತಿಗೇ ನಮಗೂ."