ಡುಮ್ಕಿ ಹೊಡೆದ ಅಣ್ಣ

ನಮ್ಮಣ್ಣ ಸುಳ್ಳುಗಾರನಲ್ಲ ಎಂದು ಒಬ್ಬರ ಮನೆಗೆ ಹೋಗಿ ನಾನು ಹೇಳಬೇಕಾಗಿತ್ತು. ಅವರ ಮನೆ ಚಾಮರಾಜಪೇಟೆಯಲ್ಲಿತ್ತು. ನಮ್ಮ ಅತ್ತಿಗುಪ್ಪೆಯಿಂದ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸರು ದಿನವೂ ಆ ದಾರಿಯಲ್ಲೇ ನಡೆದು ಹೋಗುತ್ತಿದ್ದರು. ನಾನು ಹೋಗಲಿಲ್ಲ. ಅವರಿಗೆ ಹೇಳದಿದ್ದರೂ ಅಣ್ಣನಿಗಾದರೂ ಹೇಳಬಹುದಾಗಿತ್ತು. ಅವನಿಗೂ ಹೇಳಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವುದರಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬಹುದು. ಮಾಡಿದ್ದನ್ನು ತಿದ್ದುವುದಕ್ಕೆ ಯಾರಿಂದಲೂ ಆಗುವುದಿಲ್ಲ.

ಅಣ್ಣನ ಹೆಸರು ಚನ್ನಪ್ಪ. ನಮ್ಮ ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಆದರೆ ಯಾರಾದರೂ ಹೊಗಳಲು ಬಾಯಿ ತೆರೆದರೆ ಸಾಕು, ಮಧ್ಯದಲ್ಲೇ ತಡೆದು, "ಇಂಟರಲ್ಲಿ ಎರಡು ಸಬ್ಜೆಕ್ಟು ಡುಮ್ಕಿ ಹೊಡ್ದಿದೀನಿ ಕಣಣ್ಣೋ, ಅದನ್ನೂ ಸೇರಿಸ್ಕೊಳಿ" ಎನ್ನುತ್ತಿದ್ದ. ಹೊಸಬರ ಮುಂದೆಯೂ ಹಾಗೆಯೇ. ಹೆಸರು ಹೇಳುವುದು, ಡುಮ್ಕಿ ಹೇಳುವುದು, ಆಮೇಲೆ ಕೂರುವುದು. ಅವ್ವನಿಗೆ ತಲೆ ಎತ್ತಲಾಗದ ಹಾಗಾಗುತ್ತಿತ್ತು.

"ನಿನ್ನ ಬಾಯಿಗೆ ಅಗಳಿ ಹಾಕ್ಬೇಕು ಕಣ್ಲಾ. ಕೇಳ್ದೋರ್ಗೂ ಹೇಳ್ತೀಯ, ಕೇಳ್ದೇ ಇದ್ದೋರ್ಗೂ ಹೇಳ್ತೀಯ."

"ಹುಣ್ಣು ಮುಚ್ಚಿಟ್ರೆ ಕೀವಾಗುತ್ತೆ ಕಣವ್ವ. ಗಾಳಿ ಆಡ್ಲಿ ಬಿಡು."

ಅವನು ಫೇಲಾದ ಕಥೆಯನ್ನು ನಾನು ಅವನ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಆ ವರ್ಷ ಅಪ್ಪ ತುಂಬಿದ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡರು. ಪಟ್ಟು ಹಾಕುವವನು ಕೂಡಿಸಿದ ಮೂಳೆ ಸೊಟ್ಟಗೆ ಕೂಡಿತು. ಬೇಸಾಯವೆಲ್ಲ ಅಣ್ಣನ ತಲೆಗೆ ಬಂತು. ನಮ್ಮದು ಕಪಿಲೆ ಬಾವಿ. ಎತ್ತುಗಳು ಇಳಿಜಾರಿನಲ್ಲಿ ಕೆಳಗಿಳಿದರೆ ಚರ್ಮದ ಬಾನಿ ಬಾವಿಯಿಂದ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತದೆ; ಬಾನಿ ಮತ್ತೆ ಬಾವಿಗಿಳಿಯಬೇಕಾದರೆ ಎತ್ತುಗಳು ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಇಳಿಜಾರು ಹತ್ತಬೇಕು. ಅಣ್ಣ ಹಗ್ಗದ ಮೇಲೆ ಕುಳಿತು ಪಾಠವನ್ನು ಎತ್ತುಗಳಿಗೆ ಒಪ್ಪಿಸುತ್ತಿದ್ದ. ಇಳಿಯುವಾಗ ಪ್ರಶ್ನೆ, ಹತ್ತುವಾಗ ಉತ್ತರ. ಬೆಳಗಿನ ಜಾವ ಗಾಡಿ ಕಟ್ಟಿ ತರಕಾರಿಯನ್ನು ಸಿಟಿ ಮಾರ್ಕೆಟ್ಟಿಗೆ ಹಾಕಿ, ಅಲ್ಲಿಂದಲೇ ಪರೀಕ್ಷೆಗೆ ಹೋದ.

"ಕಾಗದದ ಮೇಲೆ ಒಂದ್ಗಳಿಗೆ ತಲೆ ಇಟ್ಟೆ ಕಣಮ್ಮಿ. ಎದ್ದಾಗ ಗಂಟೆ ಹೊಡೀತಿತ್ತು. ಪ್ರಶ್ನೆಗಳೆಲ್ಲ ಕೆನ್ನೆ ಮೇಲೆ ಅಚ್ಚಾಗಿದ್ವು. ಉತ್ತರ ಮಾತ್ರ ಎಲ್ಲೂ ಇರ್ಲಿಲ್ಲ."

ಇದನ್ನು ಹೇಳುವಾಗ ಅವನು ನಗುತ್ತಿದ್ದ. ನಾವೂ ನಗುತ್ತಿದ್ದೆವು. ಫೇಲಾದ ವಿಷಯಗಳನ್ನು ಮತ್ತೆ ಕಟ್ಟಿ ಪಾಸು ಮಾಡಿದ. ಬಿ.ಎಸ್ಸಿ.ಯಲ್ಲಿ ಮೊದಲ ದರ್ಜೆ ಬಂತು. ಆಮೇಲೆ ಇಂಗ್ಲೆಂಡಿಗೆ ಹೋಗಿ ನೀರೆತ್ತುವ ಯಂತ್ರಗಳ ವಿದ್ಯೆ ಕಲಿಯಬೇಕು ಎಂಬ ಹುಚ್ಚು ಹಿಡಿಯಿತು. "ಎತ್ತು ಹಿಂದಕ್ಕೆ ನಡೆಯೋದನ್ನ ನೋಡಿದೀಯಾ? ದೇವರು ಅದಕ್ಕೆ ಬೆನ್ನಲ್ಲಿ ಕಣ್ಣು ಇಟ್ಟಿಲ್ಲ. ಇಟ್ಟಿಲ್ಲ ಅಂದ್ಮೇಲೆ ಹಾಗೆ ನಡೆಸಬಾರದು" ಎನ್ನುತ್ತಿದ್ದ.

ಅಲ್ಲಿನ ಕಾಲೇಜಿನವರು ಸೇರಿಸಿಕೊಳ್ಳುತ್ತೇವೆ ಎಂದರು, ಆದರೆ ಒಂದು ಷರತ್ತಿನ ಮೇಲೆ. ಅಂಕಪಟ್ಟಿಯಲ್ಲಿ ಎರಡು ವಿಷಯ ಫೇಲು ಎಂದಿದೆ, ಯಾಕೆ ಎಂದು ಬರೆಯಬೇಕು, ಬರೆದದ್ದು ನಿಜವೆಂದು ಊರಿನ ದೊಡ್ಡ ಮನುಷ್ಯರೊಬ್ಬರು ಒಪ್ಪಿ ಹೇಳಬೇಕು. ಹಡಗಿನ ಖರ್ಚು ಕೊಡುತ್ತೇವೆಂದಿದ್ದ ಸಂಸ್ಥೆಯಲ್ಲಿ ಚಾಮರಾಜಪೇಟೆಯ ನಿವೃತ್ತ ಪ್ರೊಫೆಸರೊಬ್ಬರಿದ್ದರು. ಅವರೇ ವಿಚಾರಿಸಿ ಹೇಳುವುದೆಂದಾಯಿತು. ಅಣ್ಣ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿ ನನಗೆ ಕೇಳಿಸಿದ. ಅಪ್ಪನ ಕಾಲು, ಕಪಿಲೆ, ಮಾರ್ಕೆಟ್ಟು, ನಿದ್ದೆ, ಎಲ್ಲ ಇತ್ತು. "ನಿನಗೆ ಅರ್ಥವಾದ್ರೆ ಅವರಿಗೂ ಅರ್ಥವಾಗುತ್ತೆ" ಎಂದ. ಅವನು ಏನು ಬರೆದಿದ್ದ ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಅದೇ ದಿನಗಳಲ್ಲಿ ಬ್ಯಾಡರಹಳ್ಳಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅಪ್ಪ ಚಾಪೆಯ ಮೇಲೆ ಮೊದಲೇ ಕುಳಿತುಬಿಟ್ಟವರು, ಬಂದವರು ಎದ್ದು ಹೋಗುವ ತನಕ ಏಳಲೇ ಇಲ್ಲ. ಎದ್ದರೆ ಕುಂಟು ಕಾಣುತ್ತದೆ. ಯಜಮಾನ ಕುಂಟನಾದರೆ ಆ ಮನೆಯ ಬೇಸಾಯ ನಿಂತ ಹಾಗೆ, ಹೆಣ್ಣು ಗಂಡನ ಮನೆಯದನ್ನು ತವರಿಗೆ ಸಾಗಿಸುತ್ತಾಳೆ ಎಂದು ಜನ ಅನ್ನುತ್ತಿದ್ದ ಕಾಲ. ಅಣ್ಣನನ್ನು ಅವ್ವ ಬೆಳಿಗ್ಗೆಯೇ ದೂರದ ಹೊಲಕ್ಕೆ ಅಟ್ಟಿದ್ದಳು. ಅವನಿದ್ದರೆ ಕಾಲಿನ ಕಥೆಯನ್ನೂ ಡುಮ್ಕಿಯ ಜೊತೆ ಸೇರಿಸಿ ಹೇಳಿಬಿಡುತ್ತಾನೆಂದು. ನನಗೂ ಪಾಠ ಮಾಡಿದ್ದಳು: "ಹೊರಗಿನೋರು ಯಾರೇ ಬಂದು ಕೇಳ್ಲಿ, ಮನೇಲಿ ಕೊರತೆ ಐತೆ ಅಂತ ಬಾಯಿ ಬಿಡ್ಬೇಡ. ಗಂಡಿನ ಕಡೆಯೋರು ಸುಮ್ಕೆ ಇರಲ್ಲ, ಅವ್ರಿವ್ರ ಕೈಲಿ ಕೇಳಿಸ್ತಾರೆ."

ಒಂದು ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಇದ್ದಾಗ ಬಾಗಿಲ ಮುಂದೆ ಜಟಕಾ ನಿಂತಿತು. ಇಳಿದವರು ಪೇಟ ಕಟ್ಟಿದ, ಕೊಡೆ ಹಿಡಿದ ಪ್ರೊಫೆಸರು. ಜಟಕಾ ಮಾಗಡಿ ರಸ್ತೆಯ ಬುಡೇನ್ ಸಾಬರದು. ಅವರ ಊರು ಬ್ಯಾಡರಹಳ್ಳಿಯೇ, ಅಲ್ಲಿನ ಮನೆಮನೆಯೂ ಅವರಿಗೆ ಗೊತ್ತು. ಕುದುರೆಗೆ ನೀರು ಕೇಳುತ್ತಲೇ, "ಏನಮ್ಮಾ, ನಮ್ಮೂರಿಗೇ ಸೊಸೆಯಾಗಿ ಬರ್ತೀಯಂತೆ?" ಎಂದು ನಕ್ಕರು. ನನಗೆ ಅವ್ವನ ಪಾಠ ನೆನಪಾಯಿತು. ಕುದುರೆ ನೀರು ಕುಡಿಯುವಷ್ಟು ಹೊತ್ತೂ ಅವರು ಅಲ್ಲೇ, ಜಗಲಿಯ ಪಕ್ಕದಲ್ಲೇ ನಿಂತಿದ್ದರು.

"ಚನ್ನಪ್ಪನ ತಂಗಿಯೇನಮ್ಮ ನೀನು?" ಎಂದರು ಪ್ರೊಫೆಸರು.

"ಹೂಂ ಸಾಮಿ. ಅಣ್ಣ ಪೇಟೆಗೆ ಹೋಗವ್ನೆ."

"ನಿಮ್ಮ ತಂದೆ ಕಾಲು ಮುರಿದುಕೊಂಡಿದ್ದರಂತೆ. ಈಗ ಹೇಗಿದ್ದಾರೆ?"

ಬುಡೇನ್ ಸಾಬರು ಕತ್ತು ತಿರುಗಿಸಿದರು.

"ಕಾಲಾ? ಅಪ್ಪನಿಗೆ ಏನೂ ಆಗಿಲ್ವಲ್ಲ ಸಾಮಿ. ಗಾಡಿ ಹೊಡ್ಕೊಂಡು ಮಾರ್ಕೆಟ್ಟಿಗೆ ಹೋಗವ್ರೆ."

"ಪರೀಕ್ಷೆಯ ಹೊತ್ತಿನಲ್ಲಿ ಬೇಸಾಯವೆಲ್ಲ ನಿಮ್ಮಣ್ಣನೇ ನೋಡಿಕೊಂಡನಂತೆ?"

"ಆಳುಗಳವ್ರೆ ಸಾಮಿ. ಅಣ್ಣ ಎತ್ತಿನ ಹಗ್ಗ ಮುಟ್ಟೋನೇ ಅಲ್ಲ."

"ಹಾಗಾದರೆ ಫೇಲಾಗಿದ್ದು ಯಾಕಮ್ಮ?"

ಆಗಲಾದರೂ ನಾನು ನಿಜಕ್ಕೆ ತಿರುಗಬಹುದಿತ್ತು. ಫೇಲಾಗಿದ್ದೂ ಬುಡೇನ್ ಸಾಬರ ಕಿವಿಗೆ ಬಿದ್ದಾಯಿತು, ಇನ್ನು ಕಾಲನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡೆ. "ಹುಡುಗ್ರಲ್ವಾ ಸಾಮಿ, ಆಟದ ಬುದ್ಧಿ. ಈಗ ಸರಿಹೋಗವ್ನೆ" ಎಂದೆ. ಊರಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಹೇಳುವುದು. ಅದರಿಂದ ಯಾರಿಗೆ ಏನಾಗಿದೆ?

ಅವರು ನಾನು ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಜಗಲಿಯ ಮೇಲಿಟ್ಟು ಜಟಕಾ ಹತ್ತಿದರು.

ಆ ವಾರವೇ ಅವರು ಅಣ್ಣನನ್ನು ಕರೆಸಿಕೊಂಡರು. ಅಣ್ಣ ಹಿಂದಿರುಗಿದಾಗ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಬಂದವನು ಕೈಕಾಲು ತೊಳೆಯದೆ ಕಂಬಕ್ಕೆ ಒರಗಿ ಕುಳಿತ.

"ನಾನು ಕಥೆ ಕಟ್ಟಿದೆ ಅಂದ್ರು ಕಣೇ. ಫೇಲಾದೋನಿಗೆ ಸಹಾಯ ಮಾಡಬಹುದು, ಹೆತ್ತ ತಂದೆಯ ಕಾಲು ಮುರಿದು ಕರುಣೆ ಕೇಳೋನಿಗೆ ಮಾಡಲಾರೆ ಅಂದ್ರು. ವಿಚಾರಿಸಿದೀನಿ ಅಂದ್ರು. ಯಾರನ್ನ ವಿಚಾರಿಸಿದ್ರೋ! ಅಪ್ಪನ್ನ ಕರ್ಕೊಂಡು ಬರ್ತೀನಿ ಸಾರ್ ಅಂದೆ. ನಾಟಕ ಸಾಕು ಅಂತ ಒಳಗೆ ಹೋಗ್ಬಿಟ್ರು."

ಆಮೇಲೆ ನನ್ನ ಕಡೆ ತಿರುಗಿ ಕೇಳಿದ. "ಮನೆಗೆ ಯಾರಾದ್ರೂ ಬಂದಿದ್ರೇನೇ?"

"ಇಲ್ವಲ್ಲಣ್ಣ."

ಜಗಲಿಯ ಮೇಲೆ ಆಡಿದ ಸುಳ್ಳನ್ನು ಅದರಿಂದ ಏನಾಗುತ್ತದೆಂದು ತಿಳಿಯದೆ ಆಡಿದೆ ಎಂದು ಬೇಕಾದರೆ ಹೇಳಿಕೊಂಡೇನು. ಇದನ್ನು ಪೂರ್ತಿ ತಿಳಿದೇ ಆಡಿದೆ. ಅಷ್ಟರಲ್ಲಿ ಬ್ಯಾಡರಹಳ್ಳಿಯಿಂದ ಒಪ್ಪಿಗೆ ಬಂದು ಮದುವೆಯ ಮಾತು ನಡೆದಿತ್ತು. ಮದುವೆಯಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮದುವೆಯಾದ ಮೇಲೆ ಅತ್ತೆ ಮಾವ ನನ್ನನ್ನು ಚೆನ್ನಾಗಿ ಅರಿಯಲಿ ಎಂದುಕೊಂಡೆ. ಹಾಗೆ ಒಂದೊಂದೇ ನೆಪ ಹೇಳಿಕೊಂಡು ದಿನ ತಳ್ಳಿದೆ. ತಮಾಷೆ ಎಂದರೆ, ಅಪ್ಪನ ಕುಂಟು ಧಾರೆಯ ದಿನವೇ ಎಲ್ಲರಿಗೂ ಕಂಡಿತು. ನಮ್ಮ ಮಾವ, "ಏನ್ ಬೀಗ್ರೆ, ಎತ್ತು ಒದೀತೇ?" ಎಂದು ಕೇಳಿ ಎಲೆ ಅಡಿಕೆ ಕೊಟ್ಟರು. ಅಷ್ಟೇ. ನಾನು ಅಣ್ಣನ ಬದುಕನ್ನು ಕೊಟ್ಟು ಮುಚ್ಚಿಟ್ಟದ್ದರ ಬೆಲೆ ಅಷ್ಟೇ ಆಗಿತ್ತು.

ಅಣ್ಣ ಮರುವರ್ಷ ಬೇರೆ ಕಡೆಗೆ ಅರ್ಜಿ ಹಾಕಿದ. ಈ ಸಲ ಫೇಲಾದದ್ದನ್ನು ಬರೆಯಲೇ ಇಲ್ಲ. ಅವರು ಅದನ್ನೇ ಹಿಡಿದು ಕೇಳಿದರು. ಅವನು ಆ ಅರ್ಜಿಯನ್ನೇ ಕೈಬಿಟ್ಟ. ರಾಜಾಜಿನಗರದಲ್ಲಿ ಆಗ ಹೊಸದಾಗಿ ಏಳುತ್ತಿದ್ದ ಕಾರ್ಖಾನೆಗಳಲ್ಲೊಂದಕ್ಕೆ ಸೇರಿ, ಸೈಕಲ್ಲಿನಲ್ಲಿ ಹೋಗಿಬರತೊಡಗಿದ. ನಿಧಾನವಾಗಿ ಅವನ ಮಾತು ಕಡಿಮೆಯಾಯಿತು. ಹೊಸಬರು ಬಂದರೆ ಹೆಸರು ಹೇಳಿ ಸುಮ್ಮನಾಗುತ್ತಿದ್ದ. "ಈಗ ಬುದ್ಧಿ ಬಂತು ನನ್ ಮಗನಿಗೆ" ಎಂದು ಅವ್ವ ಸಂತೋಷಪಟ್ಟಳು. ನನಗೆ ಮಾತ್ರ ನಮ್ಮ ಮನೆಯಲ್ಲಿ ಯಾರೋ ಸತ್ತಿದ್ದಾರೆ, ಇನ್ನೂ ಹೆಣ ಎತ್ತಿಲ್ಲ ಅನ್ನಿಸುತ್ತಿತ್ತು.

ಒಮ್ಮೆ ನನ್ನ ಮೈದುನ ಹನುಮಂತು ಎಸ್ಸೆಸ್ಸೆಲ್ಸಿ ಫೇಲಾಗಿ ಕೆಲಸ ಹುಡುಕುತ್ತಿದ್ದ. ಅಣ್ಣನ ಬುದ್ಧಿಮಾತು ಕೇಳಲೆಂದು ಅವನನ್ನು ತವರಿಗೆ ಕರೆದುಕೊಂಡು ಹೋದೆ. ರೊಟ್ಟಿ ತರಲು ಒಳಗೆ ಹೋದವಳಿಗೆ ಅಣ್ಣನ ದನಿ ಕೇಳಿಸಿತು.

"ಡುಮ್ಕಿ ಹೊಡೆದಿದ್ದನ್ನ ಯಾರಿಗೂ ಹೇಳ್ಬೇಡ ಕಣೋ. ಕೇಳಿದ್ರೆ ಮಾತು ತೇಲಿಸು. ನಿಜ ಹೇಳ್ದೋನನ್ನ ಯಾರೂ ನಂಬಲ್ಲ."

ರೊಟ್ಟಿಯ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತೆ. ಎಷ್ಟು ಹೊತ್ತು ನಿಂತೆನೋ, ಹನುಮಂತುವೇ ಬಂದು ತಟ್ಟೆ ಈಸಿಕೊಂಡ.

ಕೊನೆಯ ಸಲ ಅಣ್ಣನನ್ನು ನೋಡಿದ್ದು ಗೌರಿ ಹಬ್ಬಕ್ಕೆ. ತವರಿನ ಬಾಗಿನವನ್ನು ಸೈಕಲ್ಲಿಗೆ ಕಟ್ಟಿಕೊಂಡು ಬ್ಯಾಡರಹಳ್ಳಿಗೆ ಬಂದಿದ್ದ. ಊಟವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತ, ತಾನಾಗಿಯೇ ಮಾತು ತೆಗೆದ.

"ಒಂದ್ ಮಾತು ಕೇಳ್ಲಾ? ಅಪ್ಪನ ಕಾಲು ನಿಜವಾಗ್ಲೂ ಅಷ್ಟು ಕೆಟ್ಟಿತ್ತಾ ಆಗ? ಎತ್ತು ನಾನೇ ಹೊಡೀತಿದ್ನಾ? ಒಂದೊಂದ್ಸಲ ಅನುಮಾನ ಬರುತ್ತೆ ಕಣೇ. ಅಷ್ಟು ದೊಡ್ಡ ಮನುಷ್ಯರು ಸುಮ್ಸುಮ್ನೆ ಅಂತಾರಾ? ನಾನೇ ಹೆಚ್ಚು ಮಾಡಿ ಬರೆದ್ನೇನೋ. ನೀನು ಕೇಳಿದ್ಯಲ್ಲ ಅದನ್ನ, ನೀನೇ ಹೇಳು."

ಬಾಯಿಗೆ ಬಂದಿತ್ತು. ಒಳಗೆ ಅತ್ತೆ ಯಾರನ್ನೋ ಕೂಗಿದರು. ನಾನು ಒರೆಸಿಕೊಳ್ಳಲು ಅವನಿಗೆ ಬಟ್ಟೆ ಕೊಟ್ಟು, "ಹಳೇದು ಬಿಡಣ್ಣ" ಎಂದೆ. "ಹೂಂ, ಹಳೇದು" ಎಂದ. ಸೈಕಲ್ಲು ಹತ್ತಿ ಹೋದ. ಬೀದಿ ತಿರುಗುವಲ್ಲಿ ಒಮ್ಮೆ ಕಾಲೂರಿ ನಿಂತು ಹಿಂದೆ ನೋಡಿದ. ನಾನು ಕೈ ಆಡಿಸಿದೆ.

ದೀಪಾವಳಿಗೆ ಮುಂಚೆಯೇ ವಿಷಮಶೀತ ಜ್ವರ ಅವನನ್ನು ತೆಗೆದುಕೊಂಡು ಹೋಯಿತು. ಸುದ್ದಿ ಬಂದು ನಾನು ತಲುಪುವಷ್ಟರಲ್ಲಿ ಮುಖ ಮುಚ್ಚಿದ್ದರು. ಜ್ವರದ ಅಮಲಿನಲ್ಲಿ ಏನಂದ ಎಂದು ಅವ್ವನನ್ನು ಕೇಳಿದೆ. "ಬಾಗಿಲ ಕಡೆ ನೋಡ್ಕೊಂಡು, ಯಾರಾದ್ರೂ ಬಂದಿದ್ರಾ, ಯಾರಾದ್ರೂ ಬಂದಿದ್ರಾ ಅಂತಿದ್ದ. ನಿನ್ನ ದಾರಿ ನೋಡ್ತಿದ್ದ ಕಣವ್ವ" ಎಂದು ಅತ್ತಳು. ಅವ್ವ ಹಾಗೆ ತಿಳಿದುಕೊಂಡಳು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಬಾಗಿಲ ಚಿಲಕ ಅಲುಗಿದರೆ ಅದೇ ಕೇಳಿಸುತ್ತದೆ. ಬಾಗಿಲು ತೆರೆದರೆ ಯಾರೂ ಇರುವುದಿಲ್ಲ, ಮುಚ್ಚಿದರೆ ಮತ್ತೆ ಕೇಳುತ್ತಾನೆ.

ಹಾಲು ತುಪ್ಪ ಬಿಡುವ ದಿನ ಹೊಲದ ಬದುವಿನಲ್ಲಿ, ಹಸಿ ಮಣ್ಣಿನ ಗುಡ್ಡೆಯ ಸುತ್ತ ನೆಂಟರೆಲ್ಲ ನಿಂತಿದ್ದರು. ಒಬ್ಬೊಬ್ಬರಾಗಿ ಬಗ್ಗಿ ಹಾಲು ಬಿಟ್ಟು ಕೈ ಮುಗಿದು ಸರಿಯುತ್ತಿದ್ದರು. ಅಪ್ಪ ಕೋಲೂರಿ ಬಂದು ಬಿಟ್ಟರು, ಅವ್ವ ಬಿಟ್ಟಳು. ನನ್ನ ಸರದಿ ಬಂತು. ಬಗ್ಗಿದವಳಿಗೆ ಏಳಲು ಆಗಲಿಲ್ಲ. ಹಾಲು ಮಣ್ಣಿನೊಳಗೆ ಇಳಿಯುವುದನ್ನು ನೋಡುತ್ತಾ ಅಲ್ಲೇ ಮಂಡಿಯೂರಿದೆ. ಬಾಯಿ ತೆರೆದಾಗ ಬಂದ ದನಿ ನನ್ನದು ಅನ್ನಿಸಲಿಲ್ಲ, ಅಷ್ಟು ಗಟ್ಟಿಯಾಗಿತ್ತು. ಅವ್ವ ತೋಳು ಹಿಡಿದು, "ಸುಮ್ಕಿರೇ, ಬೀಗರವ್ರೆ" ಎಂದು ಎಳೆದಳು. ಕೊಸರಿಕೊಂಡೆ.

"ಅಣ್ಣಾ, ಬಂದಿದ್ರು ಕಣಣ್ಣ. ಅವತ್ತು ಮನೆಗೆ ಅವರೇ ಬಂದಿದ್ರು. ಅಪ್ಪನ ಕಾಲು ಮುರಿದಿತ್ತು, ಎತ್ತು ನೀನೇ ಹೊಡೀತಿದ್ದೆ, ನೀನು ಬರೆದಿದ್ದೆಲ್ಲ ನಿಜ. ಸುಳ್ಳು ಹೇಳಿದ್ದು ನಾನು. ನಿನ್ನ ಮುಂದೆನೂ ಹೇಳ್ದೆ. ತಪ್ಪಾಯ್ತು ಕಣಣ್ಣ. ತಪ್ಪಾಯ್ತು."